ಬೆಂಚಿನ ಇನ್ನರ್ಧ

ಮಹಡಿ ಆಂಟಿಯ ಬಲಗೈ ತೋರುಬೆರಳು ತರಕಾರಿ ಹೆಚ್ಚಿ ಹೆಚ್ಚಿ ತುದಿಯಲ್ಲಿ ಒಡೆದಿತ್ತು. ಆ ಒಡಕಿನೊಳಗೆ ಅರಿಶಿನ ಸೇರಿಕೊಂಡು ಯಾವ ಸೋಪಿಗೂ ಬಗ್ಗದೆ ಕೂತಿತ್ತು. ಅವರ ಫೋನು ಆ ಬೆರಳನ್ನು ಗುರುತೇ ಹಿಡಿಯುತ್ತಿರಲಿಲ್ಲ. ಸೆರಗಿಗೆ ಒರೆಸಿ, ಉಫ್ ಎಂದು ಊದಿ, ಒತ್ತಿ, ಮತ್ತೆ ಒತ್ತಿ, ಕೊನೆಗೆ "ಲೇ, ನಾನು ಕಣೋ!" ಎಂದು ಫೋನಿಗೇ ಗದರುತ್ತಿದ್ದರು. ಹಾಗೆ ತೆಗೆದ ಫೋಟೋಗಳ ಮೂಲೆಯಲ್ಲೆಲ್ಲ ಅವರ ಹೆಬ್ಬೆರಳು ಇಣುಕುತ್ತಿತ್ತು. ಬೆಳಿಗ್ಗೆ ಹಾಲು ಉಕ್ಕುವುದನ್ನು ಕಾಯುತ್ತ ನಾನು ವಾಟ್ಸಾಪ್ ಸ್ಟೇಟಸ್ ತೆರೆದರೆ ಮೊದಲು ಆ ಹೆಬ್ಬೆರಳು, ಆಮೇಲೆ ಲೋಕ.

ಜಯನಗರದಿಂದ ತಿಲಕ್ ನಗರದ ಕಡೆಗೆ ಹೋಗುವ ಒಂದು ಅಡ್ಡರಸ್ತೆಯಲ್ಲಿ ನಮ್ಮದು ಕೆಳಗಿನ ಮನೆ, ಅವರದು ಮೇಲಿನದು. ಗಂಡ ಹೋದ ಮೇಲೆ ಒಬ್ಬರೇ ಇದ್ದರು. ಮಾತೋ, ಹಸಿಮೆಣಸಿನಕಾಯಿ. ನಾನು ಬಟ್ಟೆ ಒಣಹಾಕುವ ರೀತಿಯಿಂದ ಹಿಡಿದು ಎದುರುಮನೆಯವರು ಕಾರು ನಿಲ್ಲಿಸುವ ರೀತಿಯವರೆಗೆ ಯಾವುದೂ ಅವರ ಬಾಯಿಗೆ ತಪ್ಪುತ್ತಿರಲಿಲ್ಲ. ನನಗಂತೂ ಅವರ ಬೈಗುಳ ಕಿವಿಗೆ ಬೀಳದಿದ್ದರೆ ಬೆಳಗಾದಂತೆಯೇ ಅನ್ನಿಸುತ್ತಿರಲಿಲ್ಲ.

ಸ್ಟೇಟಸ್ ನೋಡಿ ಜನರ ಜಾತಕ ಬರೆಯುವುದು ನನ್ನ ಚಾಳಿ. ದಿನಾ ನೀತಿವಾಕ್ಯ ಹಾಕುವವರು ಆಗಷ್ಟೇ ಯಾರ ಜೊತೆಗೋ ಜಗಳವಾಡಿ ಬಂದಿರುತ್ತಾರೆ. ಗಂಡನ ಜೊತೆಗಿನ ಫೋಟೋ ದಿಢೀರನೆ ಹೆಚ್ಚಾದರೆ ಮನೆಯಲ್ಲಿ ಏನೋ ಸರಿಯಿಲ್ಲ. ಹೀಗೆ ಬೀದಿಯವರನ್ನೆಲ್ಲ ಅಳೆದು ಮುಗಿಸಿದ್ದ ನನಗೆ ಆಂಟಿಯ ಜಾತಕ ಮಾತ್ರ ಕೂಡಿಬರುತ್ತಿರಲಿಲ್ಲ. ಇಡೀ ಬೀದಿಯನ್ನು ನಡುಗಿಸುವ ಈ ಹೆಂಗಸಿನ ಸ್ಟೇಟಸ್ಸಿನಲ್ಲಿ ಗದ್ದಲವೇ ಇರಲಿಲ್ಲ. ಫುಟ್‌ಪಾತಿನ ತುಂಬ ಉದುರಿದ ಹೊಂಗೆ ಹೂ. ಕಿಟಕಿಯಿಂದ ಬಂದು ನೆಲದ ಮೇಲೆ ಮಲಗಿದ ಬಿಸಿಲು. ಅದರ ಕೆಳಗೆ ಒಂದೇ ಸಾಲು: "ಇವತ್ತು ಸಂಪಿಗೆ ಬಿದ್ದಿದೆ." "ಬಿಸಿಲು ಮೆತ್ತಗಿದೆ." ಎಲ್ಲಕ್ಕಿಂತ ಹೆಚ್ಚಾಗಿ ಪಾರ್ಕಿನ ಕಲ್ಲುಬೆಂಚು. ಅವರು ಬೆಂಚಿನ ಒಂದು ತುದಿಗೆ ಕೂತು ಖಾಲಿಯಿರುವ ಇನ್ನರ್ಧದ ಫೋಟೋ ತೆಗೆಯುತ್ತಿದ್ದರು. ಎಲೆಗಳ ನೆರಳು ಅದರ ಮೇಲೆ ಅಲ್ಲಾಡುತ್ತಿರುವಂತೆ ಕಾಣುತ್ತಿತ್ತು. ನಿದ್ದೆ ಪೂರ್ತಿ ಬಿಡದ ಆ ಹೊತ್ತಿನಲ್ಲಿ ಅದನ್ನು ನೋಡುತ್ತ ನಿಂತು ನಾನೆಷ್ಟೋ ಸಲ ಹಾಲು ಉಕ್ಕಿಸಿದ್ದೇನೆ.

"ಈ ವಯಸ್ಸಲ್ಲಿ ಏನ್ ಶೋಕಿ ರೀ," ಎಂದು ಎದುರುಮನೆಯವರು ನಗುತ್ತಿದ್ದರು.

ಒಂದು ದಿನ ಪಾರ್ಕಿನಲ್ಲಿ ನಾನೇ ಕೇಳಿಬಿಟ್ಟೆ. "ಆಂಟಿ, ಯಾವಾಗ್ಲೂ ಖಾಲಿ ಬೆಂಚೇ ತೆಗೀತೀರಲ್ಲ, ನಿಮ್ಮ ಫೋಟೋನೂ ಒಂದ್ಸಲ ಹಾಕ್ಬಾರ್ದಾ?"

"ನನ್ ಮುಖ ಅವಳು ನೋಡಿಲ್ವಾ? ಜಾಗ ಇದೆ ಅಂತ ಗೊತ್ತಾಗ್ಲಿ ಅಂತ ಹಾಕೋದು."

"ಯಾರಿಗೆ?"

"ನನ್ ತಂಗಿಗೆ. ವಸಂತಪುರದಲ್ಲೇ ಇದಾಳೆ ಮಹಾರಾಯ್ತಿ."

ತಾಯಿಯಿಲ್ಲದ ಆ ತಂಗಿಗೆ ಜಡೆ ಹಾಕಿ, ತುತ್ತಿಟ್ಟು ಬೆಳೆಸಿದವರು ಆಂಟಿಯೇ. ತಂಗಿಯ ಮಗಳ ಮದುವೆ ಗೊತ್ತಾದಾಗ ಹುಡುಗಿಗೆಂದು ಬೆಳ್ಳಿ ದೀಪ ತಂದಿಟ್ಟು, ತಂಗಿ ಕರೆಯಲು ಬರುತ್ತಾಳೆಂದು ಬಾಗಿಲು ಕಾದಿದ್ದರು. ತಂಗಿ ಬರಲಿಲ್ಲ. ಮನೆಯವರ ವಾಟ್ಸಾಪ್ ಗ್ರೂಪಿಗೆ ಲಗ್ನಪತ್ರಿಕೆ ಬಂತು.

"ಅರಿಶಿನ ಕುಂಕುಮ ಕೊಟ್ಟು ಬಾ ಅಕ್ಕ ಅಂತ ಕರೀಬೇಕಾದೋಳು, ಗುಂಪಲ್ಲಿ ಗೋವಿಂದ ಅಂತ ಫೋನಿಗೆ ಹಾಕಿದ್ಲು ಕಣೇ. ನಾನು ಹೋಗ್ಲಿಲ್ಲ." ಸ್ಟೇಟಸ್ ಯಾರು ಯಾರು ನೋಡಿದರೆಂದು ತಿಳಿಸುವ ಫೋನಿನ ಕಣ್ಣಿನ ಗುರುತನ್ನು ಅವರು ಆ ಒಡೆದ ಬೆರಳಿನಿಂದ ತೋರಿಸಿದರು. "ಮಾತು ಬಿಟ್ಟಿದಾಳೆ. ಆದ್ರೆ ನೋಡ್ತಾಳೆ. ದಿನಾ ನೋಡ್ತಾಳೆ."

"ಹಾಗಾದ್ರೆ ನೀವೇ ಒಂದು ಫೋನ್ ಮಾಡಿ ಆಂಟಿ."

"ನಾನ್ಯಾಕ್ ಮಾಡ್ಲಿ? ದೊಡ್ಡೋಳು ನಾನು."

ಫೋನಿನಲ್ಲಿ ಕರೆದರೆಂದು ಮುನಿಸಿಕೊಂಡವರು ತಾವೇ ದಿನವೂ ಫೋನಿನಲ್ಲಿ ಕರೆಯುತ್ತಿದ್ದರು.

ಆಮೇಲೊಮ್ಮೆ ಆಂಟಿಯ ಫೋನು ಬಟ್ಟೆ ನೆನೆಸಿದ ಬಕೆಟ್ಟಿಗೆ ಬಿತ್ತು. ಅಂಗಡಿಯವನು ಎರಡು ದಿನ ಬಿಟ್ಟು ಬರಲು ಹೇಳಿದ. ಮಾರನೆಯ ದಿನ ಮಧ್ಯಾಹ್ನ ನಮ್ಮ ಗೇಟಿನ ಮುಂದೆ ಆಟೋ ನಿಂತು, ನೈಟಿಯ ಮೇಲೆ ಒಂದು ವೇಲು ಹೊದ್ದುಕೊಂಡ ಹೆಂಗಸೊಬ್ಬರು ಇಳಿದರು. ಕಾಲಲ್ಲಿ ಬಚ್ಚಲುಮನೆಯ ಚಪ್ಪಲಿ.

"ಅಕ್ಕ ಇದಾರಾ? ಅಕ್ಕಂಗೆ ಏನಾಗಿದೆ?"

ಸದ್ದು ಕೇಳಿ ಆಂಟಿ ಮೆಟ್ಟಿಲ ಮೇಲೆ ಬಂದು ನಿಂತರು. ಕೈಯಲ್ಲಿ ಲಟ್ಟಣಿಗೆ ಇತ್ತು.

"ನಿನ್ನೆಯಿಂದ ಏನೂ ಹಾಕಿಲ್ಲ ನೀನು," ಎಂದ ತಂಗಿ ಅಲ್ಲೇ ಅಳತೊಡಗಿದರು. "ಇಷ್ಟು ವರ್ಷದಲ್ಲಿ ಒಂದು ದಿನಾನೂ ತಪ್ಸಿಲ್ಲ. ಎದೆ ಒಡೆದುಹೋಯ್ತು ನಂಗೆ."

"ಮದುವೆಗೆ ಕರಿಯೋಕೆ ಬರದೇ ಇದ್ದೋಳು ಈಗ ಬಂದ್ಯಾ?"

"ನಿನ್ನ ಕರೀಬೇಕಿತ್ತಾ ಅಕ್ಕಾ? ಅಮ್ಮನ ಜಾಗದಲ್ಲಿ ನಿಂತು ನೀನೇ ಎಲ್ಲಾರ್ನೂ ಕರೀತೀಯ ಅಂದ್ಕೊಂಡಿದ್ದೆ ನಾನು."

ಆಂಟಿ ಲಟ್ಟಣಿಗೆಯ ಹಿಟ್ಟನ್ನು ಸೆರಗಿಗೆ ಒರೆಸಿ, ಮತ್ತೆ ಒರೆಸಿದರು. ಕೊನೆಗೆ, "ಏನ್ ಅವತಾರನೇ ಇದು, ಒಳಗೆ ಬಾ, ಚಪಾತಿ ಸೀದುಹೋಗತ್ತೆ," ಎಂದು ಗದರಿದರು. ಸಂಜೆ ತಂಗಿ ಹೊರಟಾಗ ಕುಂಕುಮದ ಬಟ್ಟಲು ಹಿಡಿದು ಗೇಟಿನವರೆಗೂ ಬಂದರು.

ಫೋನು ರಿಪೇರಿಯಾಗಿ ಬಂತು. ಆದರೆ ಆಂಟಿ ಮತ್ತೆ ಸ್ಟೇಟಸ್ ಹಾಕಲಿಲ್ಲ. ಎದುರುಮನೆಯವರು, "ಶೋಕಿ ಮುಗೀತಾ?" ಎಂದರು. ಬೆಳಿಗ್ಗೆ ನಾನು ಪಾರ್ಕಿಗೆ ಹೋದರೆ ಬೆಂಚಿನ ಮೇಲೆ ಅಕ್ಕತಂಗಿಯರಿಬ್ಬರೂ ಕೂತು, ಒಂದೇ ಪೊಟ್ಟಣದ ಕಡಲೆಕಾಯಿ ಬಿಡಿಸುತ್ತ, ನನ್ನ ಬಟ್ಟೆ ಒಣಹಾಕುವ ರೀತಿಯನ್ನೇ ಆಡಿಕೊಳ್ಳುತ್ತಿದ್ದರು. ನನಗೆ ಹೊಟ್ಟೆ ತುಂಬುತ್ತಿತ್ತು.

ಕಳೆದ ವರ್ಷ, ಹೊಂಗೆ ಹೂಬಿಡುವ ಹೊತ್ತಿಗೆ, ಆಂಟಿ ಮಧ್ಯಾಹ್ನದ ನಿದ್ದೆಯಲ್ಲೇ ಹೋಗಿಬಿಟ್ಟರು. ಮೇಲಿನ ಮನೆಗೆ ಬೇರೆಯವರು ಬಂದಿದ್ದಾರೆ, ಒಳ್ಳೆಯವರು, ಬೈಯುವುದಿಲ್ಲ. ನನಗದು ಅಭ್ಯಾಸವಾಗಿಲ್ಲ. ಜಾತಕ ಬರೆಯುವ ಚಾಳಿಯೂ ಹೋಗಿದೆ. ಈಗ ಯಾರ ಸ್ಟೇಟಸ್ ನೋಡಿದರೂ, ಇವರು ಯಾರನ್ನು ಕರೆಯುತ್ತಿದ್ದಾರೋ ಎನ್ನಿಸುತ್ತದೆ. ಇದು ಆಂಟಿ ನನಗೆ ಕೊಟ್ಟುಹೋದ ಕಣ್ಣು.

ಮೊನ್ನೆ ಹಾಲು ಕಾಯಿಸುತ್ತ ಸ್ಟೇಟಸ್ ತೆರೆದೆ. ಆಂಟಿಯ ತಂಗಿಯದು; ಆಂಟಿ ಹೋದ ದಿನ ನಾವಿಬ್ಬರೂ ಒಬ್ಬರ ನಂಬರು ಒಬ್ಬರು ಬರೆದುಕೊಂಡಿದ್ದೆವು. ಅದೇ ಕಲ್ಲುಬೆಂಚು, ಖಾಲಿಯಿರುವ ಇನ್ನರ್ಧ. ಮೂಲೆಯಲ್ಲಿ ಹೆಬ್ಬೆರಳಿಲ್ಲ. ಕೆಳಗೆ, "ಇಲ್ಲಿ ನೆರಳಿದೆ."

ಈ ಸಲ ಇವರು ಯಾರನ್ನು ಕರೆದರೋ, ಆ ಜೀವ ನೋಡುವಂತಿರಲಿಲ್ಲ. ನೋಡಿದವಳು ನಾನು. ಒಲೆ ಆರಿಸಿ, ಸಿಕ್ಕಿದ ಚಪ್ಪಲಿ ಮೆಟ್ಟಿಕೊಂಡು ಪಾರ್ಕಿನ ಕಡೆ ಓಡಿದೆ.