ಅಮಾವಾಸ್ಯೆಯ ಬಸ್ಸಿನಲ್ಲಿ ಆರು ಬಲೂನು

ಆ ದಿನದ ಡೈರಿಯ ಪುಟದಲ್ಲಿ ನಾಲ್ಕೇ ಸಾಲುಗಳಿವೆ. ಮೊಳಕಾಲ್ಮೂರಿನ ಕಾಲೇಜಿನಲ್ಲಿ ಉಪನ್ಯಾಸ ಚೆನ್ನಾಗಿ ಆಯಿತು. ಹುಡುಗರು ಪ್ರಶ್ನೆ ಕೇಳಿದರು. ಬಲೂನುಗಳು ದಾರಿಯಲ್ಲಿ ಹಾಳಾದ ಕಾರಣ ಪ್ರಯೋಗ ತೋರಿಸಲಾಗಲಿಲ್ಲ. ಬರುವಾಗ ತಲೆನೋವು. ಮಗುವಿನ ಬಗ್ಗೆ ಒಂದು ಮಾತೂ ಇಲ್ಲ. ಹಾಗಾಗಿ ಇದನ್ನೆಲ್ಲ ನೆನಪಿನಿಂದ ಬರೆಯುತ್ತಿದ್ದೇನೆ. ನನ್ನ ನೆನಪು ಸಾಮಾನ್ಯವಾಗಿ ನನ್ನ ಪರವಾಗಿಯೇ ವಾದಿಸುತ್ತದೆ ಎಂಬುದು ಗೊತ್ತಿದ್ದೂ.

ತೊಂಬತ್ತರ ದಶಕ ಮುಗಿಯುತ್ತಿತ್ತು. ನಾನು ಚಳ್ಳಕೆರೆಯಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದೆ. ಐಸ್‌ಲ್ಯಾಂಡ್ ಎಂಬ ಪುಟ್ಟ ದೇಶ ಪೆಟ್ರೋಲು, ಡೀಸೆಲ್ ಬಿಟ್ಟು ಬಸ್ಸು, ಕಾರು, ಮೀನುದೋಣಿಗಳನ್ನೆಲ್ಲ ಜಲಜನಕದಿಂದ ಓಡಿಸಲು ಹೊರಟಿದೆ ಎಂದು ಪತ್ರಿಕೆಯಲ್ಲಿ ಓದಿದಾಗಿನಿಂದ ಕಂಡವರಿಗೆಲ್ಲ ಅದನ್ನೇ ಹೇಳುತ್ತಿದ್ದೆ. ಮೊಳಕಾಲ್ಮೂರಿನಿಂದ ಉಪನ್ಯಾಸಕ್ಕೆ ಕರೆ ಬಂದಾಗ, ಬರಿಯ ಮಾತು ಸಾಲದು, ಆ ಅನಿಲವನ್ನು ಉರಿಸಿಯೇ ತೋರಿಸಬೇಕು ಅನ್ನಿಸಿತು. ಬಸ್‌ಸ್ಟ್ಯಾಂಡಿನ ಬಲೂನಿನವನು ಹಳೆಯ ಸಿಲಿಂಡರೊಂದರಲ್ಲಿ ಜಲಜನಕವನ್ನು ತಾನೇ ತಯಾರಿಸಿಕೊಳ್ಳುತ್ತಿದ್ದ. ಅವನ ಹತ್ತಿರ ಆರು ಬಲೂನು ತುಂಬಿಸಿದೆ.

"ಉರಿಯೋ ಗ್ಯಾಸ್ ಸಾಬ್, ಹುಷಾರು" ಎಂದ.

"ನಾನು ಕೆಮಿಸ್ಟ್ರಿ ಮೇಷ್ಟ್ರಪ್ಪಾ."

"ಮೇಷ್ಟ್ರಾದ್ರೆ ಸುಡಲ್ವಾ?" ಎನ್ನುತ್ತಾ ಅಂಗಿಯ ತೋಳು ಮಡಿಸಿದ. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಸುಕ್ಕುಗಟ್ಟಿ ಮಿರುಗುತ್ತಿತ್ತು. "ಯಾರೋ ಬೀಡಿ ತಾಗಿಸ್ದ. ಅಷ್ಟೇ."

ಖಾಸಗಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ. ಬಲೂನುಗಳು ಚಾವಣಿಗೆ ಅಂಟಿಕೊಂಡು ನಿಂತವು, ದಾರಗಳು ನನ್ನ ಮುಷ್ಟಿಯಲ್ಲಿ. ಪಕ್ಕಕ್ಕೆ ಬಂದು ಕೂತವಳು ಮೊಳಕಾಲ್ಮೂರಿನ ಮಗ್ಗದ ಮನೆಯಾಕೆ. ಜ್ವರ ಬಿಟ್ಟ ಮಗುವನ್ನು ಡಾಕ್ಟರಿಗೆ ತೋರಿಸಿ ಊರಿಗೆ ಹೊರಟಿದ್ದಳು. ಮಗು ಬಲೂನಿಗೆ ಕೈಚಾಚಿ ಅಳತೊಡಗಿತು. "ಏಡವಾಕು ಬಂಗಾರೂ" ಎಂದು ಆಕೆ ತೆಲುಗಿನಲ್ಲಿ ಎಷ್ಟು ರಮಿಸಿದರೂ ಸುಮ್ಮನಾಗಲಿಲ್ಲ. ಒಂದು ಬಲೂನಿನ ದಾರವನ್ನು ಅದರ ಮಣಿಕಟ್ಟಿಗೆ ಕಟ್ಟಿದೆ. ಹಾರಿಹೋಗದಿರಲೆಂದು ಎರಡು ಗಂಟು ಹಾಕಿದೆ. ಗಂಟು ಹಾಕುವಾಗ ಬಲೂನಿನವನ ತೋಳು ನೆನಪಾಯಿತೇ? ಆಯಿತೆಂದೇ ಈಗ ಅನ್ನಿಸುತ್ತದೆ. ಮುಂದೆ ನಡೆದದ್ದು ಗೊತ್ತಿರುವುದರಿಂದ ಹಾಗನ್ನಿಸುತ್ತಿರಲೂಬಹುದು.

ಟಿಕೆಟ್ ಹರಿಯುತ್ತಾ ಕಂಡಕ್ಟರ್ ಕೇಳಿದ: "ಏನ್ ಸಾರ್, ಮೊಮ್ಮಗನ ಬರ್ತ್‌ಡೇನಾ?"

ನನಗಿನ್ನೂ ಮದುವೆಯೇ ಆಗಿರಲಿಲ್ಲ. ಜನ ನಕ್ಕರು. ಆ ನಗುವಿಗೆ ಉತ್ತರ ಕೊಡಬೇಕೆಂದೋ ಏನೋ, ಐಸ್‌ಲ್ಯಾಂಡಿನ ಕಥೆ ಹೇಳಿದೆ. ಇದೇ ಅನಿಲದಿಂದ ಅಲ್ಲಿ ಬಸ್ಸು ಓಡಲಿದೆ, ಹೊಗೆಯಿಲ್ಲ, ಹಿಂದಿನ ಕೊಳವೆಯಿಂದ ಬರುವುದು ಬರೀ ನೀರು ಎಂದೆ.

"ಹಂಗಾದ್ರೆ ನಮ್ ಬಸ್ಸಿಗೂ ನಾಕು ಬುಗ್ಗೆ ಕಟ್ರಿ ಸಾರ್. ಏರು ಬಂದ್ರೆ ಇದು ಎಮ್ಮೆ ಥರ ನಿಂತ್ಕಂತೈತೆ!"

ಬೆಂಕಿ ಹತ್ತುತ್ತದೆಂದು ನಾನು ಹೇಳಲಿಲ್ಲ. ಹೇಳಿದೆನೆಂದು ಬಹಳ ವರ್ಷ ನಂಬಿದ್ದೆ. ಹೇಳಿದ್ದರೆ ಅವನು ಆಗಲೇ ನನ್ನನ್ನು ಇಳಿಸುತ್ತಿದ್ದ.

ತಳಕು ದಾಟಿ ಸ್ವಲ್ಪ ದೂರದಲ್ಲಿ, ರಸ್ತೆ ಬದಿಯ ಚಿಕ್ಕ ಗುಡಿಯ ಮುಂದೆ ಬಸ್ಸು ನಿಂತಿತು. ಅಂದು ಅಮಾವಾಸ್ಯೆ. ಡ್ರೈವರ್ ಇಳಿದು ಬಸ್ಸಿನ ಮೂತಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಕರ್ಪೂರ ಹೊತ್ತಿಸಿದ. ಎಲ್ಲ ಹೊರಗೇ ಮುಗಿಯುತ್ತದೆಂದು ಕಾದೆ. ಆದರೆ ಕಂಡಕ್ಟರ್ ತಟ್ಟೆಗೆ ಇನ್ನೆರಡು ಬಿಲ್ಲೆ ಕರ್ಪೂರ ಹಾಕಿಕೊಂಡು ಬಸ್ಸು ಹತ್ತಿದ. ಕೂತವರಿಗೆಲ್ಲ ಆರತಿ ಕೊಡುತ್ತಾ, ಸೀಟಿನಿಂದ ಸೀಟಿಗೆ ಬರತೊಡಗಿದ.

ಕಿಟಕಿಗೆ ಸರಳು. ನಡುವಿನ ದಾರಿಯ ತುಂಬ ಮೂಟೆ, ಜನ. ಮಗುವಿನ ಕೈಯ ಗಂಟನ್ನು ಉಗುರಿನಿಂದ ಬಿಡಿಸಲು ನೋಡಿದೆ. ಬೆವರಿಗೆ ಬಿಗಿದುಕೊಂಡಿತ್ತು.

"ತಡೀರಿ, ಇಲ್ಲಿಗೆ ತರಬೇಡಿ" ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

"ಯಾಕ್ ಸಾರ್, ಸೈನ್ಸ್ ಮೇಷ್ಟ್ರು ದೇವ್ರನ್ನ ನಂಬಲ್ವಾ?" ಕಂಡಕ್ಟರ್ ನಗುತ್ತಲೇ ಮುಂದೆ ಬಂದ.

ಯಾವ ತಾಯಿಯಾದರೂ ಮಾಡುವುದನ್ನೇ ಆಕೆಯೂ ಮಾಡಿದಳು. ಆರತಿ ಹತ್ತಿರ ಬಂತೆಂದು ಮಗುವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಮಗು ಕೈ ಆಡಿಸಿತು. ಬಲೂನು ಚಾವಣಿಯಿಂದ ಜಗ್ಗಿ ಬಂದು ಅದರ ಮುಖದ ಮುಂದೆ ತೂಗಿತು. ಜ್ವಾಲೆ ಒಂದು ಸೀಟಿನಾಚೆ ಇತ್ತು.

ಮಗುವನ್ನು ಎಳೆದು ನನ್ನ ಮಡಿಲಿಗೆ ಹಾಕಿಕೊಂಡೆ. ಬಲೂನನ್ನು ಕಿಟಕಿಯ ಸರಳಿಗೆ ಒತ್ತಿ ಪೆನ್ನಿನಿಂದ ಚುಚ್ಚಿದೆ. ಆ ಸದ್ದಿಗೆ ಕಂಡಕ್ಟರ್ ಹಿಂದಕ್ಕೆ ಹಾರಿದ, ತಟ್ಟೆ ವಾಲಿತು, ಉರಿಯುವ ಕರ್ಪೂರ ನೆಲಕ್ಕೆ ಬಿತ್ತು. ಜನ ಕಾಲು ಮೇಲೆತ್ತಿಕೊಂಡರು. ಉಳಿದ ಐದನ್ನೂ ಒಂದೊಂದಾಗಿ ಎಳೆದು ಕಿಟಕಿಗೆ ಒತ್ತಿ ಒಡೆದೆ. ಪ್ರತಿ ಸಲವೂ ನೆಲದ ಬೆಂಕಿಯನ್ನು ನೋಡುತ್ತಿದ್ದೆ. ಅನಿಲ ಹೊರಗೆ ಹೋಯಿತೋ, ತಲೆಯ ಮೇಲೇ ನಿಂತಿದೆಯೋ ತಿಳಿಯದು. ಏನೂ ಆಗಲಿಲ್ಲ. ಕರ್ಪೂರ ತಾನೇ ಉರಿದು ಆರಿತು.

"ಅಮಾಸೆ ದಿನ ಆರತಿ ಬೀಳಿಸ್ದಲ್ಲಯ್ಯಾ!" ಹಿಂದಿನ ಸೀಟಿನ ಮುದುಕ ಕೂಗಿದ. "ಮಗೀನ ಬುಗ್ಗೆ ಒಡ್ಯಕೆ ಬತ್ತೀಯಾ, ಓದ್ದೋನು!"

ಆಗಲೂ ಹೇಳಬಹುದಿತ್ತು. ಬಲೂನಿಗೆ ಬೆಂಕಿ ತಾಗಿದ್ದರೆ ಮಗುವಿನ ಮುಖ ಸುಡುತ್ತಿತ್ತು, ಆ ಅನಿಲವನ್ನು ಇಲ್ಲಿಗೆ ತಂದವನು ನಾನೇ ಎಂದು. ಹುಚ್ಚನೆನ್ನಿಸಿಕೊಳ್ಳುವುದು ಅದಕ್ಕಿಂತ ಸುಲಭವಾಗಿತ್ತು. ಡ್ರೈವರ್ ಮತ್ತೆ ಕರ್ಪೂರ ಹಚ್ಚಿದ. ಆಕೆ ಜ್ವಾಲೆಯ ಮೇಲೆ ಅಂಗೈ ಕಾಯಿಸಿ ಮಗುವಿನ ಕಣ್ಣಿಗೆ ಒತ್ತಿದಳು. ಬಿಕ್ಕುತ್ತಿದ್ದ ಮಗು ಕಣ್ಣು ಮುಚ್ಚಿಕೊಂಡಿತು.

ಮೊಳಕಾಲ್ಮೂರಿನಲ್ಲಿ ಇಳಿದ ಮೇಲೆ, "ಬೇರೆ ಬಲೂನು ಕೊಡಿಸ್ತೀನಮ್ಮಾ" ಎಂದೆ.

"ಬ್ಯಾಡ ಬಿಡ್ರಿ ಸಾರ್. ಕೊಟ್ಟಿದ್ದನ್ನ ಕಿತ್ಕಳ್ಳೋರ ತಾವ ಏನ್ ಇಸ್ಕಳಾದು?"

ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಟಳು. ಬೆನ್ನ ಮೇಲೆ ಜೋತುಬಿದ್ದ ಆ ಪುಟ್ಟ ಕೈಯಲ್ಲಿ ನನ್ನ ಎರಡು ಗಂಟು ಹಾಗೇ ಇದ್ದವು, ದಾರದ ತುದಿಯಲ್ಲಿ ಕೆಂಪು ರಬ್ಬರಿನ ಚೂರು. ಕಾಲೇಜಿನಲ್ಲಿ ಹುಡುಗರು ಕಾಯುತ್ತಿದ್ದರು. ಹೋಗಿ ಕಪ್ಪುಹಲಗೆಯ ಮೇಲೆ ಬರೆದೆ: ಹೊಗೆಯಿಲ್ಲ, ಬರೀ ನೀರು.