ನನ್ನನ್ನು ನೋಡಲು ಬಂದ ಅಥಣಿ ಟೈಗರ್

“ಅಥಣಿ ಟೈಗರ್ ಅಂದ್ರ ನಾನರಿ!” ನನ್ನನ್ನು ನೋಡಲು ಬಂದಿದ್ದ ವರ ಫೇಸ್‌ಬುಕ್ ತೆರೆದ ಫೋನನ್ನು ಅಪ್ಪನತ್ತ ಹಿಡಿದ. ಚಹಾದ ತಟ್ಟೆ ಹಿಡಿದು ಬರುತ್ತಿದ್ದ ನಾನು ಅಲ್ಲೇ ನಿಂತೆ. ನಾಚಿಕೆ ಇರಬೇಕೆಂದು ಅವನ ತಾಯಿ ಮೆಚ್ಚುಗೆಯಿಂದ ನಕ್ಕರು.

ನಾಚಿಕೆಯಲ್ಲ. ಕೊಲ್ಹಾಪುರದ ಹಾಸ್ಟೆಲ್‌ನಲ್ಲಿ ಫುಟ್‌ಬಾಲ್ ಹುಚ್ಚು ಹತ್ತಿಸಿಕೊಂಡವಳು ನಾನು. ನಾನು ಮೆಚ್ಚಿದ ಲಂಡನ್ನಿನ ಕ್ಲಬ್ ಹಳೆಯ ಮೈದಾನ ಬಿಟ್ಟು ಹೊಸ ಸ್ಟೇಡಿಯಂಗೆ ಹೊರಟಿತ್ತು. ಎದುರಾಳಿ ಕ್ಲಬ್ಬಿನ ಅಭಿಮಾನಿಯಾದ ಈ ಟೈಗರ್ ಮೂರು ತಿಂಗಳಿಂದ ಫೇಸ್‌ಬುಕ್‌ನಲ್ಲಿ ಅದಕ್ಕಾಗಿಯೇ ನನ್ನೊಂದಿಗೆ ಜಗಳಕ್ಕೆ ಬಿದ್ದಿದ್ದ. “ಹುಟ್ಟಿದ ಮನಿ ಬಿಟ್ಟವ್ರಿಗೆ ಎಲ್ಲಿ ಹೋದ್ರೂ ಮರ್ಯಾದಿ ಇಲ್ಲಲೇ” ಎಂದು ದಿನಕ್ಕೆರಡು ಸಲ ಬರೆಯುತ್ತಿದ್ದ. ನಮ್ಮೂರಿನ ಹೆಸರು ಸೇರಿಸಿ ಇಟ್ಟುಕೊಂಡ ‘ಬೇಡಕಿಹಾಳ ಬಾಸ್’ ಎಂಬ ನನ್ನ ಫೇಸ್‌ಬುಕ್ ಹೆಸರು ನೋಡಿ ಗಂಡಸೆಂದೇ ತಿಳಿದಿದ್ದ. ಲಂಡನ್ ಇರಲಿ, ಆ ಮಹಾಶಯ ಬೆಳಗಾವಿ ದಾಟಿದವನಲ್ಲ.

ಅಷ್ಟರಲ್ಲಿ ಅವನ ತಂದೆ, “ಮದಿವಿ ಆದಮ್ಯಾಲ ಹುಡುಗಿ ಚಿಕ್ಕೋಡಿ ನೌಕರಿ ಬಿಟ್ಟು ಅಥಣಿಗೆ ಬಂದ್‌ಬಿಡಬೇಕ್ರಿ” ಎಂದರು. ಟೈಗರ್ ಗಂಭೀರವಾಗಿ ತಲೆಯಾಡಿಸಿದ.

ನಾನು ತಟ್ಟೆ ಕೆಳಗಿಟ್ಟೆ. “ಬೇಡಕಿಹಾಳ ಬಾಸ್ ನಾನರಿ. ಹುಟ್ಟಿದ ಮನಿ ಬಿಡಬಾರದಂತ ನೀವ ಬರದೀರಲ್ಲ? ಆ ಮೈದಾನಕ್ಕಿರೋ ಮರ್ಯಾದಿ ನನಗಿಲ್ಲೇನ್ರಿ?”

ಟೈಗರ್ ಚಹಾ ಮುಟ್ಟದೆ ಎದ್ದ. ಸಂಜೆಯೊಳಗೆ ನನ್ನನ್ನು ಬ್ಲಾಕ್ ಮಾಡಿದ. ಆದರೆ ಹೊರಡುವಾಗ ಅವನ ತಾಯಿ ಹೊಸ್ತಿಲಲ್ಲಿ ಹಿಂದುಳಿದು, ನನ್ನ ಕೈ ಹಿಡಿದು ಪಿಸುಗುಟ್ಟಿದ್ದು ಇನ್ನೂ ಕಿವಿಯಲ್ಲಿದೆ: “ಚಲೋ ಕೇಳಿದಿ ನೋಡವಾ. ಮೂವತ್ತು ವರ್ಷದ ಹಿಂದ ನಾನೂ ಕೇಳಬೇಕಾಗಿತ್ತು.”