ಜಿನ್ನಿನ ಅಂಗಳದಲ್ಲಿ ನಾವೇ ಹಚ್ಚಿದ ಬೆಂಕಿ

ಪೊಲೀಸ್ ಕಾರ್ಯಾಚರಣೆ ಮುಗಿದು ಕೆಲವು ವರ್ಷಗಳಾಗಿದ್ದವು. ನಾನು ಸಿಂಧನೂರಿನಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿನಲ್ಲಿ ಮ್ಯಾನೇಜರಾಗಿದ್ದೆ. ಆ ಸಲದ ಹಂಗಾಮಿನಲ್ಲಿ ಮಸ್ಕಿ ಕಡೆಯ ಜಿನ್ನೊಂದಕ್ಕೆ ಬೆಂಕಿ ಬಿತ್ತು. ಜೀವಗಳು ಉಳಿದವು, ಜಿನ್ನು ಉಳಿಯಲಿಲ್ಲ. ಅಲ್ಲಿ ದುಡಿಯುತ್ತಿದ್ದ ಹೆಣ್ಣುಮಗಳೊಬ್ಬಳು ಮೊಣಕೈಯವರೆಗಿನ ಸುಟ್ಟಗಾಯ ಪೂರ್ತಿ ಮಾಯುವ ಮೊದಲೇ ನಮ್ಮಲ್ಲಿ ಕೆಲಸಕ್ಕೆ ಸೇರಿದಳು.

ಒಂದು ಬೆಳಿಗ್ಗೆ ನಮ್ಮ ಹೆಣ್ಣಾಳುಗಳೆಲ್ಲ ಒಳಗೆ ಬರದೆ ಗೇಟಿನ ಬಳಿಯೇ ಕೂತರು. ಹತ್ತಿ ತುಂಬಿದ ಬಂಡಿಗಳು ರಸ್ತೆಯುದ್ದಕ್ಕೂ ನಿಂತಿದ್ದವು. ನಾನು ಹೋಗಿ ಕೇಳಿದಾಗ ಮಸ್ಕಿಯವಳೇ ಉತ್ತರ ಕೊಟ್ಟಳು.

"ಒಳಗ ಉರಿ ಹತ್ತಿದ್ರ ಏನು ಬಂದೋಬಸ್ತ್ ಐತ್ರಿ? ಅದನ್ನ ಕಣ್ಣಾರೆ ನೋಡಿದ ಮ್ಯಾಲೇ ನಾವು ಒಳಗ ಬರೂದು."

ನಾನು ಒಳಗೆ ಹೋಗಿ ನೋಡಿದೆ. ಬಾಗಿಲ ಬಳಿ ಇಟ್ಟಿದ್ದ ಮರಳಿನ ಬಕೆಟ್ಟುಗಳಲ್ಲಿ ಎಲೆಅಡಿಕೆ ಉಗುಳಿ ಮರಳು ಗಟ್ಟಿಯಾಗಿತ್ತು.

ಜಿನ್ನಿನ ಮಾಲೀಕರಾದ ಸಾವಕಾರರು ಆ ದಿನವೇ ರಾಯಚೂರಿನಲ್ಲಿದ್ದ ತಮ್ಮ ಷಡ್ಡಕನಿಗೆ ಹೇಳಿಕಳಿಸಿದರು. ಅವನು ಬೆಂಕಿ ಆರಿಸುವ ಕೆಂಪು ಸಿಲಿಂಡರುಗಳನ್ನು ಮಾರುತ್ತಿದ್ದ. ನಾನು ಅವರನ್ನು ಕೇಳದೆಯೇ ಲಿಂಗಸುಗೂರಿನಲ್ಲಿ ಕೈಪಂಪು ಮಾರುವ ವ್ಯಾಪಾರಿಯನ್ನೂ ಕರೆಸಿದೆ. ಷಡ್ಡಕ ಸಿಲಿಂಡರು ತುಂಬಿದ ಲಾರಿಯಲ್ಲಿ, ಲಿಂಗಸುಗೂರಿನವನು ತನ್ನ ಪಂಪಿನೊಂದಿಗೆ, ಇಬ್ಬರೂ ಒಂದೇ ದಿನ ಬಂದಿಳಿದರು. ಸಾವಕಾರರ ಮುಖ ಬಿಗಿಯಿತು.

"ಮನಿಯಾಗ ಮಂದಿ ಇರೂವಾಗ ಹೊರಗಿನವ್ರು ಯಾಕ?"

"ಒಮ್ಮೆ ಹಚ್ಚಿ ನೋಡೋಣ್ರಿ, ಸಾವಕಾರ್ರ. ಯಾರದು ಆರಸ್ತದೋ ಅವ್ರದು ತಗೊಳ್ಳೋಣ."

ಮಧ್ಯಾಹ್ನ ಅಂಗಳದ ನಡುವೆ ಕಸಹತ್ತಿಯ ಗುಡ್ಡೆ ಹಾಕಿಸಿದೆ. ಹೆಂಗಸರು ಸುತ್ತ ನಿಂತರು. ಷಡ್ಡಕ ತನ್ನ ಕೈಯಲ್ಲಿದ್ದ ಸಿಲಿಂಡರನ್ನು ಮುಂದೆ ತಂದಾಗ ಮಸ್ಕಿಯವಳು, "ಅದು ತೋರಸಾಕ ತಂದದ್ದು, ಬ್ಯಾಡ್ರಿ. ಲಾರ್‍ಯಾಗಿನ ಒಂದು ನಾ ಹುಡುಕಿ ತರ್ತೀನಿ" ಎಂದಳು. ಅವನು ಸಾವಕಾರರ ಮುಖ ನೋಡಿದ. ಅಷ್ಟರಲ್ಲಿ ಅವಳು ಲಾರಿಯ ಮೂಲೆಯಲ್ಲಿದ್ದ ಒಂದನ್ನು ಇಳಿಸಿಕೊಂಡು ಬಂದು ಅವನೆದುರು ಇಟ್ಟಳು.

ನಾನೇ ಕಡ್ಡಿ ಗೀರಿದೆ. ಹತ್ತಿ ಭಗ್ಗನೆ ಹತ್ತಿಕೊಂಡಿತು. ಷಡ್ಡಕ ಸಿಲಿಂಡರನ್ನು ತಲೆಕೆಳಗು ಮಾಡಿ ಅದರ ತಲೆಯ ಗುಂಡಿಯನ್ನು ನೆಲಕ್ಕೆ ಗುದ್ದಿದ. ಒಂದಿಷ್ಟು ನೊರೆ ಜಿನುಗಿ ನಿಂತುಹೋಯಿತು. ಮತ್ತೆ ಗುದ್ದಿದ. ಅಷ್ಟರಲ್ಲಿ ಗಾಳಿ ತಿರುಗಿತು. ಉರಿಯುವ ಹತ್ತಿಯ ಎಳೆಗಳು ಎದ್ದು, ಹತ್ತಿ ತುಂಬಿ ಒಟ್ಟಿದ್ದ ಅಂಡಿಗೆ ಚೀಲಗಳ ಕಡೆಗೆ ತೇಲತೊಡಗಿದವು. ಹಚ್ಚಿದವನು ನಾನು.

ಲಿಂಗಸುಗೂರಿನವನು ಯಾರ ಅಪ್ಪಣೆಗೂ ಕಾಯಲಿಲ್ಲ. ಪಂಪನ್ನು ನೀರಿನ ತೊಟ್ಟಿಗೆ ಇಳಿಸಿ, "ಹೊಡೀರಿ, ನಿಲ್ಲಿಸಬ್ಯಾಡ್ರಿ" ಎಂದ. ನಾನೂ ಒಬ್ಬ ಹಮಾಲನೂ ಹಿಡಿಕೆಗೆ ಬಿದ್ದೆವು. ಅವನ ಪೈಪೂ ನಡುವೆ ಸೀಳಿಹೋಯಿತು. ಅವನು ತಲೆಯ ರುಮಾಲು ಬಿಚ್ಚಿ ಸೀಳಿಗೆ ಬಿಗಿದು, ಅದನ್ನು ಎರಡೂ ಕೈಯಿಂದ ಅದುಮಿ ಹಿಡಿದ. ಹೆಂಗಸರು ತೋಯಿಸಿದ ಗೋಣಿಚೀಲಗಳನ್ನು ಅಂಡಿಗೆಗಳ ಮೇಲೆ ಎಸೆದರು. ಉರಿ ತಗ್ಗಿತು, ಹೊಗೆಯಾಯಿತು.

ಷಡ್ಡಕ ಲಾರಿ ಹತ್ತಿ ಕೂತುಬಿಟ್ಟಿದ್ದ. ಲಿಂಗಸುಗೂರಿನವನು ಹೋಗಲಿಲ್ಲ. "ಹತ್ತಿ ಒಳಗ ಕುದೀತಿರ್ತದ್ರಿ" ಎಂದು ಸಂಜೆಯವರೆಗೂ ಆ ಗುಡ್ಡೆಯನ್ನು ಕೆದರಿ ಕೆದರಿ ನೀರು ಹೊಯ್ದ. ಮಸ್ಕಿಯವಳು ಅವನ ಪಕ್ಕದಲ್ಲೇ ಕೂತು ಕೆದರಿದಳು.

ಹೊತ್ತು ಮುಳುಗುವಾಗ ಸಾವಕಾರರು ಅವನ ಬಳಿ ಬಂದರು.

"ನಿನ್ನ ಪೈಪ್ ಹರೀತಲ್ಲೋ."

"ಹೌದ್ರಿ. ಅದು ಹಳೇದು, ನೋಡ್ಕೊಂಡು ತರಬೇಕಿತ್ತು. ಹೊಸಾದು ಹಾಕಿ, ನಿಮ್ಮ ಮುಂದ ಮತ್ತ ಹೊಡದು ತೋರಸ್ತೀನಿ. ಬ್ಯಾಡನಿಸಿದ್ರ ಬಿಡ್ರಿ."

ಸಾವಕಾರರು ರುಮಾಲು ಬಿಗಿದ ಪೈಪನ್ನು ಕೈಯಲ್ಲಿ ತಿರುಗಿಸಿ ನೋಡಿ, "ಎರಡು ಪಂಪ್ ತಾ" ಎಂದರು. ನನ್ನ ಕಡೆ ನೋಡಲಿಲ್ಲ. ಷಡ್ಡಕನ ಮನೆಯೊಂದಿಗೆ ಹೋಗಿ ಬರುವುದು ನಿಂತದ್ದಕ್ಕೆ ಅವರು ಬಹಳ ಕಾಲ ನನ್ನನ್ನೇ ಕಾರಣ ಮಾಡಿದರು. ಆದರೆ ಆ ವಾರವೇ ಗೋಡೆ ಒಡೆಸಿ, ಉರಿ ಬಿದ್ದರೆ ಹೊರಬರಲು ಇನ್ನೊಂದು ಬಾಗಿಲು ಇಡಿಸಿದರು. ಮಸ್ಕಿಯವಳು ಆ ಬಾಗಿಲಿಂದ ಎರಡು ಸಲ ಹೊರಗೆ ಬಂದು ಒಳಗೆ ಹೋಗಿ ನೋಡಿದಳು. ಆಮೇಲೆ ಉಳಿದವರನ್ನು ಒಳಗೆ ಕರೆದಳು.